ಅಲಗಿನ ಸಂಸ್ಕಾರ

ನುಣುಪೆಂಬುದು ಮರಗೆಲಸದಲ್ಲಿ ಕಟ್ಟಕಡೆಗೆ ಬಂದು ಸೇರುವ ಅಲಂಕಾರವೆಂದು ಬಹುಮಂದಿ ಭಾವಿಸುವರು. ಆದರೆ ಬೀಟೆ, ತೇಗ, ಹಲಸುಗಳೊಡನೆ ದೀರ್ಘಕಾಲ ಒಡನಾಡಿದ ಮೇಲೆ, ಮರದ ಮೈಯನ್ನು ಮುಟ್ಟುವುದಕ್ಕೆ ಮೊದಲೇ ಆ ನುಣುಪು ಉಕ್ಕಿನ ಸಣ್ಣ ಪಟ್ಟಿಯೊಂದರ ಅಂಚಿನಲ್ಲಿ ಸಿದ್ಧವಾಗಿರಬೇಕೆಂಬ ನಿಶ್ಚಯ ನನ್ನಲ್ಲಿ ಬೇರೂರಿದೆ. ಬಡಗಿಗಳು ಸ್ಕ್ರೇಪರ್ ಎನ್ನುವ ಈ ಪಟ್ಟಿ ನೋಟಕ್ಕೆ ಅತಿ ಸಾಮಾನ್ಯವಾದುದು: ಸುಮಾರು 15 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ, ಹಿಡಿಯಿಲ್ಲ, ಚೌಕಟ್ಟಿಲ್ಲ, ತಿರುಪಿಲ್ಲ. ಹಳೆಯ ಕೈಗರಗಸದ ಅಲಗನ್ನು ಕತ್ತರಿಸಿಕೊಂಡರೂ ಉತ್ತಮವಾದುದೊಂದು ದೊರೆಯುವುದು.

ಇದರ ಅವಶ್ಯಕತೆಯನ್ನು ನನಗೆ ಮನಗಾಣಿಸಿದುದು ಬೀಟೆ. ಆ ಮರದ ಎಳೆಗಳು ಕೆಲವು ಕಾಲ ಬಲಕ್ಕೂ ಕೆಲವು ಕಾಲ ಎಡಕ್ಕೂ ಕಾಂಡವನ್ನು ಸುತ್ತುತ್ತ ಬೆಳೆಯುವುದರಿಂದ, ಕೊಯ್ದ ಹಲಗೆಯಲ್ಲಿ ಪರಸ್ಪರ ಎದುರಾದ ಎಳೆಗಳು ಪಟ್ಟೆಪಟ್ಟೆಯಾಗಿ ಒತ್ತಿಕೊಂಡಿರುತ್ತವೆ. ಕೀಸುಳಿಯನ್ನು ಯಾವ ದಿಕ್ಕಿನಿಂದ ನೂಕಿದರೂ ಒಂದು ಪಟ್ಟೆ ಕನ್ನಡಿಯಂತಾಗುವಷ್ಟರಲ್ಲಿ ಪಕ್ಕದ ಪಟ್ಟೆಯಲ್ಲಿ ಸಿಬಿರೆದ್ದು ಕುಳಿ ಬೀಳುವುದು. ಏಕೆಂದರೆ ಸುಮಾರು 45 ಡಿಗ್ರಿ ಓರೆಯಾಗಿ ಕುಳಿತ ಅದರ ಅಲಗು ಎಳೆಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುವುದು, ಎತ್ತಿದ ಎಳೆ ಅಲಗಿಗಿಂತ ಮುಂದಾಗಿ ಸೀಳಿಕೊಂಡು ಹೋಗುವುದು. ಹೆರೆಯುವ ಪಟ್ಟಿಯಾದರೋ ಮರದ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಂತು ಸಾಗುವುದರಿಂದ, ಎಳೆಯನ್ನು ಎತ್ತುವ ಅವಕಾಶವೇ ಅದಕ್ಕಿಲ್ಲ. ಇದ್ದಲ್ಲಿಯೇ ಅದನ್ನು ಛೇದಿಸಿ ಮುಂದೆ ಹೋಗುವುದು.

ಹಾಗೆ ಛೇದಿಸುವುದು ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಡೆಯುವ, ಅಂಚಿನುದ್ದಕ್ಕೂ ಮೂಡಿಸಿದ ಒಂದು ಸೂಕ್ಷ್ಮವಾದ ಕೊಂಕು. ಅದನ್ನು ಮೂಡಿಸುವ ಕ್ರಮವನ್ನು ನನಗೆ ಕಲಿಸಿದವರು ಮೈಸೂರಿನಲ್ಲಿ ಬೀಟೆಯ ಕೆಲಸವನ್ನೇ ಬಾಳಾಗಿಸಿಕೊಂಡಿದ್ದ ಹಿರಿಯ ಆಚಾರ್ಯರೊಬ್ಬರು. ಮೊದಲು ಪಟ್ಟಿಯನ್ನು ಹಿಡಿಕಟ್ಟಿನಲ್ಲಿ ನೆಟ್ಟಗೆ ಕಚ್ಚಿಸಿ, ನಯವಾದ ಅರದಿಂದ ಅಂಚನ್ನು ಉದ್ದಕ್ಕೆ ಉಜ್ಜಿ, ಎರಡು ಮೈಗಳಿಗೂ ಅದು ಸರಿಯಾಗಿ 90 ಡಿಗ್ರಿಯಲ್ಲಿರುವಂತೆ ಮಾಡುವರು. ಆಮೇಲೆ ಅಂಚನ್ನೂ ಎರಡು ಮೈಗಳನ್ನೂ ಸಾಣೆಕಲ್ಲಿನ ಮೇಲೆ ತಿಕ್ಕಿ, ಅರದ ಗೀರುಗಳೆಲ್ಲವನ್ನೂ ನಿರ್ಮೂಲಗೊಳಿಸುವರು. ಇಲ್ಲಿ ಉಳಿದ ಒಂದೊಂದು ಗೀರೂ ಮುಂದೆ ಮರದ ಮೇಲೆ ಒಂದೊಂದು ಗೆರೆಯಾಗಿ ಪ್ರಕಟವಾಗುವುದು. ಮೂರನೆಯದಾಗಿ, ಪಟ್ಟಿಗಿಂತ ಗಡುಸಾದ ಉಕ್ಕಿನ ನುಣುಪಾದ ಕಡ್ಡಿಗೆ ಒಂದು ಹನಿ ಎಣ್ಣೆ ಸವರಿ, ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಮೈಯ ತುದಿಯನ್ನು ಆ ಕಡ್ಡಿಯಿಂದ ಒತ್ತಿ ಒತ್ತಿ ಎಳೆಯುವರು. ಆಗ ಉಕ್ಕು ಅಂಚಿನಾಚೆಗೆ ಅಣುವಿನಷ್ಟು ಹರಿಯುವುದು. ಕೊನೆಗೆ ಪಟ್ಟಿಯನ್ನು ಮತ್ತೆ ನಿಲ್ಲಿಸಿ, ಕಡ್ಡಿಯನ್ನು ಮೊದಲು ಅಂಚಿಗೆ ಸಮನಾಗಿಯೂ ಬಳಿಕ ಐದರಿಂದ ಹತ್ತು ಡಿಗ್ರಿಗಳಷ್ಟು ಬಾಗಿಸಿಯೂ ಒಂದೇ ಉಸಿರಿನಲ್ಲಿ ಎಳೆದರೆ, ಹೊರಚಾಚಿದ ಆ ಉಕ್ಕು ಮಗುಚಿ ಕೊಂಕಾಗುವುದು. ಈ ಘಟ್ಟದಲ್ಲಿ ಬಲವಂತ ಸಲ್ಲದು; ಅತಿಯಾಗಿ ಒತ್ತಿದರೆ ಕೊಂಕು ಒಳಕ್ಕೆ ಸುರುಳಿಗೊಂಡು ಮರವನ್ನು ಮುಟ್ಟಲಾರದೆ ಹೋಗುವುದು.

ಪ್ರಯೋಗದ ಕ್ರಮವೂ ಅಷ್ಟೇ ಸರಳ, ಅಷ್ಟೇ ನಿಷ್ಠುರ. ಎರಡು ಕೈಗಳ ಬೆರಳುಗಳಿಂದ ಪಟ್ಟಿಯ ತುದಿಗಳನ್ನು ಹಿಡಿದು, ಹೆಬ್ಬೆರಳುಗಳಿಂದ ನಡುಬೆನ್ನನ್ನು ಒತ್ತಿ ತುಸು ಬಾಗಿಸಿ, ಮುಂದಕ್ಕೆ ಓಲಿಸುತ್ತ ಹೋದರೆ ಒಂದು ಕೋನದಲ್ಲಿ ಅದು ತಾನಾಗಿ ಕಚ್ಚುವುದು. ಆ ಕೋನವನ್ನು ಕೈ ನೆನಪಿಟ್ಟುಕೊಳ್ಳಬೇಕು. ಅಂಚು ಸರಿಯಾಗಿದ್ದರೆ ಈರುಳ್ಳಿಯ ಒಳಪೊರೆಯಂತಹ ತೆಳುವಾದ ಸುರುಳಿಗಳು ಏಳುವುವು; ಸರಿಯಿಲ್ಲದಿದ್ದರೆ ಬರುವುದು ಬರಿಯ ಧೂಳು. "ಧೂಳು ಬಂದರೆ ಮರವನ್ನು ಬಯ್ಯಬೇಡಿ ಸ್ವಾಮಿ, ಅಂಚನ್ನು ನೋಡಿ" ಎಂದು ಆಚಾರ್ಯರು ಹೇಳುತ್ತಿದ್ದ ಮಾತು, ನಾನು ಕಲಿತ ಸಮಸ್ತ ವಿದ್ಯೆಯ ಸಾರವಾಗಿದೆ. ಅಂಚು ಮೊಂಡಾದೊಡನೆ ಮತ್ತೆ ಅರ ಹಿಡಿಯಬೇಕಾದುದಿಲ್ಲ. ಕಡ್ಡಿಯಿಂದ ಮೈಯನ್ನು ಎಳೆದು ಕೊಂಕನ್ನು ಮರಳಿ ಮಗುಚಿದರೆ ಕೆಲವು ಬಾರಿ ಹೊಸ ಜೀವ ಬರುವುದು. ಸಿಲಿಕಾ ಕಣಗಳಿರುವ ತೇಗದ ಮೇಲೆ ಈ ಉಪಚಾರ ಪದೇ ಪದೇ ಬೇಕಾಗುವುದು.

ಎಚ್ಚರಗಳೂ ಕೆಲವುಂಟು. ಕಲೆಯೊಂದು ಕಂಡಿತೆಂದು ಅಲ್ಲಿಯೇ ಹೆರೆಯುತ್ತ ಕುಳಿತರೆ ತಗ್ಗು ಬೀಳುವುದು. ಮೆರುಗು ಬಂದ ಮೇಲೆ ಆ ತಗ್ಗನ್ನು ಬೆಳಕು ಎತ್ತಿ ತೋರಿಸುವುದಾದುದರಿಂದ, ಸುತ್ತಣ ವಿಶಾಲ ಪ್ರದೇಶವನ್ನೆಲ್ಲ ಕ್ರಮವಾಗಿ ಇಳಿಸಿಕೊಂಡು ಬರಬೇಕು. ಘರ್ಷಣೆಯಿಂದ ಪಟ್ಟಿ ಕಾದು ಹೆಬ್ಬೆರಳನ್ನು ಸುಡುವುದುಂಟು; ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದು ಕ್ಷೇಮ. ಮೆದುವಾದ ಮರಗಳಲ್ಲಿ ಎಳೆ ಕತ್ತರಿಸದೆ ಬಾಗಿ, ಮೇಲ್ಮೈ ಜುಂಗುಜುಂಗಾಗುವುದರಿಂದ, ಇದು ಗಡಸು ಮರಗಳಿಗೇ ಮೀಸಲಾದ ಉಪಕರಣವೆಂದು ತಿಳಿಯಬೇಕು.

ಮರಳುಕಾಗದವಿರುವಾಗ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿಗೆ ಮೈಸೂರಿನ ಬೀಟೆಯ ಇನ್‌ಲೇ ಕೆಲಸವನ್ನೇ ಉತ್ತರವಾಗಿ ತೋರಿಸುತ್ತೇನೆ. 1912ರಲ್ಲಿ ಪೂರ್ಣಗೊಂಡ ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲಿನೊಳಗೆ ದಂತವನ್ನು ಕೂರಿಸಿದ ಆ ಕಲೆಯು ಇಂದು ದಂತಕ್ಕೆ ಬದಲಾಗಿ ಬಗೆಬಗೆಯ ಬಣ್ಣದ ಮರಗಳನ್ನು ಆಶ್ರಯಿಸಿದೆ. ಕಪ್ಪುಗೆಂಪು ಬೀಟೆಯ ನಡುವೆ ಹಳದಿಯ ಹಲಸು, ಅದರ ಪಕ್ಕದಲ್ಲಿ ಇನ್ನೊಂದು ಮರದ ಬಿಳಿಯ ಚೂರು, ಪ್ರತಿಯೊಂದರ ಎಳೆಯೂ ಒಂದೊಂದು ದಿಕ್ಕಿಗೆ. ಇಂತಹ ಮೈಯ ಮೇಲೆ ಕೀಸುಳಿ ಓಡಿಸಿದರೆ ಚೂರುಗಳು ಕಿತ್ತುಬರುವುವು, ಮರಳುಕಾಗದ ಉಜ್ಜಿದರೆ ಬೀಟೆಯ ಕಪ್ಪು ಧೂಳು ಬಿಳಿಯ ಮರದ ರಂಧ್ರಗಳಲ್ಲಿ ತುಂಬಿ ಬಣ್ಣವನ್ನು ಮಲಿನಗೊಳಿಸುವುದು. ಆ ಧೂಳು ಚರ್ಮಕ್ಕೂ ಶ್ವಾಸಕ್ಕೂ ಅಹಿತವಾದುದು. ಹೆರೆದ ಮೈಯಲ್ಲಾದರೋ ರಂಧ್ರಗಳು ತೆರೆದೇ ಇರುವುವು. ಅರಗಿನ ಮೆರುಗು ಹತ್ತಿದೊಡನೆ ಎಳೆಯ ಆಳ ತಾನೇ ತಾನಾಗಿ ಹೊಳೆಯುವುದು.

ಆದಕಾರಣ ಈ ಕಸುಬಿಗೆ ಬರುವ ತರುಣರಿಗೆ ನನ್ನ ವಿಜ್ಞಾಪನೆ ಇಷ್ಟೇ: ಮೊದಲ ಪಾಠವಾಗಿ ಮರವನ್ನಲ್ಲ, ಅಂಚನ್ನು ಕಲಿಯಿರಿ. ಅಂಚನ್ನು ಸಿದ್ಧಪಡಿಸಲು ಕಳೆದ ಕಾಲುಗಂಟೆಯನ್ನು ನಷ್ಟವೆಂದು ಎಣಿಸುವವನು ಮುಂದೆ ಅರ್ಧ ದಿನವನ್ನು ಧೂಳಿನಲ್ಲಿ ಕಳೆಯುವನು. ಅದನ್ನು ಕೆಲಸದ ಅಂಗವೆಂದೇ ಬಗೆದವನಿಗೆ, ಎಷ್ಟೇ ಹಟಮಾರಿಯಾದ ಹಲಗೆಯೂ ತನ್ನ ಸ್ವರೂಪವನ್ನು ಬಿಟ್ಟುಕೊಡುವುದು.