ಚಿತ್ರದ ಹೆಸರಲ್ಲಿ ಊರಿರಲಿ

ತಮ್ಮಾ, ತಂಗಿ, ಹುಣಸಗಿ ಸೀಮೆಯ ಹಳೆಯ ಕಲ್ಲು, ಶಾಸನ, ವೀರಗಲ್ಲುಗಳ ಫೋಟೊಗಳನ್ನು ನೀವೆಲ್ಲ ಕೂಡಿ ಒಂದೇ ಕಡೆ ಸೇರಿಸುತ್ತಿದ್ದೀರಿ ಎಂದು ಕೇಳಿ ಹಿಗ್ಗಾಯಿತು. ರಾಶಿ ದೊಡ್ಡದಾಗುವ ಮೊದಲೇ ಒಂದು ಮಾತು ಹೇಳುತ್ತೇನೆ: ಫೈಲಿಗೆ ಹೆಸರಿಡುವ ಕ್ರಮ ಎಲ್ಲರದ್ದೂ ಒಂದೇ ಇರಲಿ.

ಎಲ್ಲಿಯದೆಂಬ ಗುರುತು ಏಕೆ ಬೇಕು ಎಂಬುದಕ್ಕೆ ನಮ್ಮ ಸೀಮೆಯದೇ ಉದಾಹರಣೆ ಕೇಳಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಶೋಧ ಮಾಡಿದರು. ಅಲ್ಲಿಯ ಇಸಾಂಪುರದಲ್ಲಿ ಅಗೆದಾಗ ಸುಣ್ಣಕಲ್ಲಿನ ಕೈಗೊಡಲಿಗಳ ಜೊತೆ ಅವನ್ನು ಕೆತ್ತುವಾಗ ಸಿಡಿದ ಚಕ್ಕೆಗಳೂ ಅಲ್ಲೇ ಸಿಕ್ಕವು. ಆದಿಮಾನವ ಕಲ್ಲು ಆರಿಸಿ ಹತಾರ ಮಾಡಿದ ಜಾಗವಿದು ಎಂದು ತಿಳಿದದ್ದು ಹಾಗೆ. ಅಲ್ಲಿಯ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜು ಮಾಡಿದರು. ಅದೇ ಚಕ್ಕೆಯನ್ನು ಯಾರೋ ಕಿಸೆಗೆ ಹಾಕಿಕೊಂಡು ಮನೆಗೆ ಒಯ್ದಿದ್ದರೆ ಅದು ಬರೀ ಕಲ್ಲು. ಎಲ್ಲಿಯದೆಂದು ಗೊತ್ತಿಲ್ಲದ ಫೋಟೊದ ಗತಿಯೂ ಅದೇ.

ಕ್ಯಾಮೆರಾ ತಾನಾಗಿ ಕೊಡುವ ನಂಬರನ್ನು ನೆಚ್ಚಬೇಡಿ. 9999 ಮುಗಿದರೆ ಎಣಿಕೆ ಮತ್ತೆ ಮೊದಲಿಂದ ಶುರು. ಇಬ್ಬರ ಕ್ಯಾಮೆರಾದಲ್ಲಿ ಒಂದೇ ನಂಬರ್ ಬಂದರೆ ಒಂದರ ಮೇಲೊಂದು ಕೂತು ಹಳೆಯದು ಅಳಿದೇ ಹೋದೀತು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ತೆಗೆದ ಜಾಗ, ಸಮಯದ ವಿವರ ಕಳಚಿಬೀಳುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಊರಿನ ಹೆಸರಿನ ಮೇಲೆ ಹೆಚ್ಚು ನಿಗಾ ಬೇಕು. ಸುರಪುರವನ್ನು ಒಬ್ಬರು ಸುರಪುರ ಎಂದರೆ ಇನ್ನೊಬ್ಬರು ಸುರಪೂರ, ಹಳೆಯ ಪುಸ್ತಕ ಓದಿದವರು ಹಿಂದೆ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್‌ನಂತೆ ಶೋರಾಪುರ ಎನ್ನುತ್ತಾರೆ. ನಮಗೆ ಮೂರೂ ಒಂದೇ ಊರು, ಕಂಪ್ಯೂಟರಿಗೆ ಮೂರು ಊರು. ಎಲ್ಲರೂ ಕೂತು ಹಳ್ಳಿಗಳ ಒಂದು ಪಟ್ಟಿ ಮಾಡಿ, ಹೆಸರನ್ನು ಅದರಿಂದಲೇ ನಕಲು ಮಾಡಿ ಅಂಟಿಸಿ. ಕೊಡೇಕಲ್ ಎಂದು ಕೈಯಾರೆ ಹೊಡೆಯುವಾಗ ಒಂದು ದೀರ್ಘ ತಪ್ಪಿದರೂ ಹುಡುಕಿದಾಗ ಸಿಗುವುದಿಲ್ಲ. ಜಿಲ್ಲೆ, ತಾಲೂಕು ಹೆಸರಲ್ಲಿ ಬೇಡವೇ ಬೇಡ. ನಮ್ಮ ಕಣ್ಣೆದುರೇ ಗುಲ್ಬರ್ಗ ಕಲಬುರಗಿಯಾಯಿತು, 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು, ಆಮೇಲೆ ಹುಣಸಗಿಯೇ ತಾಲೂಕಾಯಿತು. ಹಳ್ಳಿ ಮಾತ್ರ ಇದ್ದಲ್ಲೇ ಇದೆ.

ನನಗೆ ಸರಿ ಕಾಣುವ ಕ್ರಮ ಇದು: ರಾಜನಕೋಳೂರು-2025-01-14-007-ಹಿಂದೆ. ಊರು ಮೊದಲು, ಆಮೇಲೆ ವರ್ಷ, ತಿಂಗಳು, ದಿನ, ಆಮೇಲೆ ಕಲ್ಲಿನ ನಂಬರ್, ಕೊನೆಗೆ ಯಾವ ಮಗ್ಗುಲು ಎಂಬುದು. ದಿನವನ್ನು ಮೊದಲು ಹಾಕಿದರೆ ಬೇರೆ ಬೇರೆ ವರ್ಷದವೆಲ್ಲ ಕಲಸಿಹೋಗುತ್ತವೆ. 7 ಎನ್ನದೆ 007 ಎನ್ನಿ. ಇಲ್ಲವಾದರೆ ಎಷ್ಟೋ ಕಡೆ 10 ಬಂದು 7ಕ್ಕಿಂತ ಮುಂದೆ ಕೂರುತ್ತದೆ. ಒಂದೇ ಕಲ್ಲಿನ ನಾಲ್ಕು ಮಗ್ಗುಲಿಗೂ ಒಂದೇ ನಂಬರ್, ಕೊನೆಯ ಪದ ಮಾತ್ರ ಬೇರೆ. ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ಒಂದನ್ನೇ ಹಿಡಿಯಿರಿ.

ನಿಮ್ಮ ಊಹೆಯನ್ನು ಹೆಸರಿಗೆ ಸೇರಿಸಬೇಡಿ. ಇವತ್ತು ಕೈಗೊಡಲಿ ಎಂದು ಕಂಡದ್ದು ನಾಳೆ ಬಲ್ಲವರ ಕಣ್ಣಿಗೆ ಬೇರೆಯೇ ಆದೀತು. ಆಗ ಫೈಲಿನ ಹೆಸರು ಬದಲಿಸಲು ಹೊರಟರೆ ಅದನ್ನು ಉಲ್ಲೇಖಿಸಿದವರೆಲ್ಲ ದಾರಿ ತಪ್ಪುತ್ತಾರೆ. ಊಹೆ, ಅಳತೆ, ತೆಗೆದವರ ಹೆಸರು, ಕ್ಯಾಮೆರಾ ಕೊಟ್ಟ ಮೂಲ ನಂಬರ್ ಎಲ್ಲ ಒಂದು ವಹಿಯಲ್ಲಿ ಇರಲಿ. ಹೊಲದ ಸರ್ವೆ ನಂಬರೂ ಅಲ್ಲೇ ಇರಲಿ, ಎಲ್ಲರಿಗೂ ಕಾಣುವ ಹೆಸರಲ್ಲಿ ಬೇಡ. ನಿಧಿ ಆಸೆಗೆ ವೀರಗಲ್ಲು ಕಿತ್ತು ಅಗೆಯುವವರು ಇನ್ನೂ ಇದ್ದಾರೆ. ಅವರಿಗೆ ದಾರಿ ತೋರಿಸುವ ಕೆಲಸ ನಮ್ಮಿಂದ ಆಗಬಾರದು.

ಮನೆಗಳಲ್ಲಿ ಸಿಗುವ ಹಳೆಯ ಫೋಟೊಗಳಿಗೆ ತಾರೀಖು ಇರುವುದಿಲ್ಲ. ಅಂಥಲ್ಲಿ 0000-00-00 ಎಂದು ಹಾಕಿ, ಅಂದಾಜಿನ ವರ್ಷ ತುಂಬಬೇಡಿ. ಊರೇ ತಿಳಿಯದಿದ್ದರೆ ‘ತಿಳಿಯದು’ ಎಂದು ಬರೆದು ಪ್ರತ್ಯೇಕ ಫೋಲ್ಡರಿನಲ್ಲಿಡಿ. ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಜಾತ್ರೆಗೆ, ಸಂತೆಗೆ ಒಯ್ದು ಹಿರಿಯರಿಗೆ ತೋರಿಸಿ. ಗುರುತು ಹಿಡಿಯುವ ಕಣ್ಣುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಮೊದಲು ಆ ಫೋಲ್ಡರಿನಿಂದಲೇ ಶುರು ಮಾಡಿ.