ಒಂದು ಪದ, ಹಲವು ಪಾಠ: ‘ಅಕ್ಲೂಷನ್’



ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದವರಲ್ಲಿ ಹಲವರು ಇಂಗ್ಲಿಷ್ ಪದದ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಳ್ಳುತ್ತಾರೆ. ಇದು ಒಳ್ಳೆಯ ಅಭ್ಯಾಸ. ಆದರೆ ಆ ಒಂದೇ ಅರ್ಥವನ್ನು ಎಲ್ಲ ವಿಷಯಗಳಿಗೂ ಹಚ್ಚಿದರೆ ಉತ್ತರ ತಲೆಕೆಳಗಾಗುತ್ತದೆ. ರಸಾಯನಶಾಸ್ತ್ರ ಕಲಿಸುವ ನಾನು ಇದಕ್ಕೆ ‘ಅಕ್ಲೂಷನ್’ ಪದವನ್ನೇ ಉದಾಹರಣೆಯಾಗಿ ಕೊಡುತ್ತೇನೆ. ‘ಮುಚ್ಚು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದು ಬಂದಿದೆ. ಕನ್ನಡದಲ್ಲಿ ತಡೆ, ಅಡಚಣೆ ಎಂದು ಬರೆದುಕೊಳ್ಳುತ್ತೇವೆ.

ವೈದ್ಯಕೀಯ: ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದು ಅಕ್ಲೂಷನ್. ಆಮ್ಲಜನಕ ಸಿಗದೆ ಸ್ನಾಯು ಸಾಯತೊಡಗುತ್ತದೆ. ಇಲ್ಲಿ ತಡೆ ಎಂದರೆ ಪ್ರಾಣಾಪಾಯ.

ಕಣ್ಣಿನ ಚಿಕಿತ್ಸೆ: ಮಗುವಿನ ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದಿದ್ದರೆ, ವೈದ್ಯರು ಚೆನ್ನಾಗಿರುವ ಕಣ್ಣಿಗೆ ದಿನದಲ್ಲಿ ಕೆಲವು ಗಂಟೆ ಪಟ್ಟಿ ಹಾಕಿಸುತ್ತಾರೆ. ದುರ್ಬಲ ಕಣ್ಣು ಆಗ ಕೆಲಸ ಮಾಡಲೇಬೇಕಾಗುತ್ತದೆ. ಇದೂ ಅಕ್ಲೂಷನ್, ಆದರೆ ಇಲ್ಲಿ ತಡೆಯೇ ಚಿಕಿತ್ಸೆ.

ದಂತವೈದ್ಯ: ಬಾಯಿ ಮುಚ್ಚಿದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂಡುವ ರೀತಿಯೇ ಅಕ್ಲೂಷನ್. ಅದು ಸರಿಯಿದ್ದರೆ ಆಹಾರ ಚೆನ್ನಾಗಿ ಅಗಿಯಬಹುದು, ಕೆಟ್ಟರೆ ‘ಮ್ಯಾಲಕ್ಲೂಷನ್’. ಇಲ್ಲಿ ‘ತಡೆ’ ಎಂದು ಬರೆದವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ರಸಾಯನಶಾಸ್ತ್ರ: ಪಲ್ಲಾಡಿಯಂ ಲೋಹವು ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಅನಿಲವನ್ನು ಒಳಗೆ ಸೇರಿಸಿಕೊಳ್ಳಬಲ್ಲದು. 1866ರಲ್ಲಿ ಥಾಮಸ್ ಗ್ರಹಾಂ ಇದನ್ನು ಅಕ್ಲೂಷನ್ ಎಂದು ಕರೆದರು. ಹೈಡ್ರೋಜನ್ ಪರಮಾಣುಗಳು ಲೋಹದ ಪರಮಾಣುಗಳ ನಡುವಿನ ಸಂದುಗಳಲ್ಲಿ ನೆಲೆಸುತ್ತವೆ, ಬಿಸಿ ಮಾಡಿದರೆ ಹೊರಬರುತ್ತವೆ. ಇಲ್ಲಿ ಪದದ ಅರ್ಥ ‘ಒಳಗೆ ಹಿಡಿದಿಡುವುದು’.

ಹವಾಮಾನ: ಸಮಶೀತೋಷ್ಣ ವಲಯದ ಚಂಡಮಾರುತಗಳಲ್ಲಿ ವೇಗವಾಗಿ ಬರುವ ತಂಪು ಗಾಳಿಯ ಅಂಚು ಬೆಚ್ಚನೆಯ ಗಾಳಿಯ ಅಂಚನ್ನು ಹಿಂದಿನಿಂದ ಬಂದು ಮುಟ್ಟುತ್ತದೆ. ನಡುವಿನ ಬೆಚ್ಚನೆಯ ಗಾಳಿ ನೆಲ ಬಿಟ್ಟು ಮೇಲಕ್ಕೇರುತ್ತದೆ. ನೆಲಕ್ಕೂ ಅದಕ್ಕೂ ಸಂಪರ್ಕ ಕಡಿದುಹೋಗುವುದೇ ಅಕ್ಲೂಷನ್. ನಮ್ಮ ಅರಬ್ಬಿ ಸಮುದ್ರದ ಚಂಡಮಾರುತಗಳಲ್ಲಿ ಇಂಥ ಅಂಚುಗಳಿರುವುದಿಲ್ಲ.

ಭಾಷಾವಿಜ್ಞಾನ: ‘ಪ’ ಎಂದು ಹೇಳಿ ನೋಡಿ. ತುಟಿಗಳು ಮುಚ್ಚಿ ಉಸಿರನ್ನು ಕ್ಷಣಕಾಲ ತಡೆದು ಬಿಡುತ್ತವೆ. ‘ತ’ ಅನ್ನುವಾಗ ಆ ಕೆಲಸ ನಾಲಿಗೆಯದು. ಈ ತಡೆ ಇಲ್ಲದಿದ್ದರೆ ಈ ಅಕ್ಷರಗಳೇ ಹುಟ್ಟುವುದಿಲ್ಲ.

ಎಲ್ಲದರಲ್ಲೂ ‘ಮುಚ್ಚುವಿಕೆ’ ಎಂಬ ಬೇರು ಒಂದೇ. ಫಲ ಮಾತ್ರ ಬೇರೆ ಬೇರೆ. ಆದ್ದರಿಂದ ಪಾರಿಭಾಷಿಕ ಪದ ಬರೆದುಕೊಳ್ಳುವಾಗ ಅರ್ಥದ ಜೊತೆಗೆ ವಿಷಯದ ಹೆಸರನ್ನೂ ಬರೆಯಿರಿ. ಈ ಪದವಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಮುಚ್ಚಿದ್ದು ಏನು? ಮುಚ್ಚಿದ್ದು ಯಾವುದು? ಅದರಿಂದ ಆಗುವುದೇನು?

ಅಭ್ಯಾಸಕ್ಕೆ ಇನ್ನೊಂದು ಪದ: ‘ರೆಸಿಸ್ಟೆನ್ಸ್’. ಭೌತಶಾಸ್ತ್ರದ ಓಮ್ ನಿಯಮದಲ್ಲೂ, ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದ ವಿಷಯದಲ್ಲೂ ಅದು ಬರುತ್ತದೆ. ಎರಡು ಕಡೆಯ ಅರ್ಥವನ್ನೂ ನಿಮ್ಮ ಮಾತಿನಲ್ಲಿ ಎರಡೆರಡು ಸಾಲು ಬರೆದು ತನ್ನಿ. ತರಗತಿಯಲ್ಲಿ ಚರ್ಚಿಸೋಣ.