ಹೊರಗಿನ ಬೆಕ್ಕು ಗಾಯ ಮಾಡಿಕೊಂಡು ಬಂದಾಗ

ಹಿತ್ತಿಲಿಗೆ ಊಟಕ್ಕೆ ಬರುವ ಬೆಕ್ಕುಗಳು ರಾತ್ರಿ ಎಲ್ಲಿರುತ್ತವೋ, ಯಾವ ಜಗಳಕ್ಕೆ ಬೀಳುತ್ತವೋ ತಿಳಿಯುವುದಿಲ್ಲ. ಬೆಳಿಗ್ಗೆ ಒಂದು ಕುಂಟುತ್ತ ಬರುತ್ತದೆ, ಇನ್ನೊಂದರ ಕೆನ್ನೆ ಊದಿರುತ್ತದೆ. ಅವುಗಳ ಆರೈಕೆ ಮಾಡುತ್ತ ಕಲಿತದ್ದಿಷ್ಟು.

1. ಗಾಯ ಎಲ್ಲಿದೆ ನೋಡಿ. ಮುಖ, ಕಿವಿ, ಮುಂಗಾಲಿನಲ್ಲಿದ್ದರೆ ಸಾಮಾನ್ಯವಾಗಿ ಎದುರು ನಿಂತು ಕಾದಾಡಿದ ಗುರುತು. ಬಾಲದ ಬುಡದಲ್ಲಿದ್ದರೆ ಓಡುವಾಗ ಕಚ್ಚಿಸಿಕೊಂಡದ್ದು. ಉಗುರುಗಳನ್ನೂ ನೋಡಿ. ತುದಿ ಸೀಳಿ ನಾರುನಾರಾಗಿದ್ದರೆ ವಾಹನ ಬಡಿದಿರುವ ಸಂಭವ ಹೆಚ್ಚು. ಆಗ ಹೊರಗಾಯ ಸಣ್ಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಿ.

2. ಸಣ್ಣ ತೂತನ್ನು ಕಡೆಗಣಿಸಬೇಡಿ. ಬೆಕ್ಕಿನ ಚೂಪು ಕೋರೆಹಲ್ಲು ಬಾಯಿಯ ಬ್ಯಾಕ್ಟೀರಿಯಾವನ್ನು ಚರ್ಮದಡಿ ಬಿಟ್ಟು ಬರುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಎರಡು-ನಾಲ್ಕು ದಿನದಲ್ಲಿ ಒಳಗೆ ಕೀವು ಕಟ್ಟುತ್ತದೆ. ಒಂದು ಕಡೆ ರೋಮ ಒದ್ದೆಯಾಗಿ ಅಂಟಿಕೊಂಡಿದ್ದರೆ ಬಿಡಿಸಿ ನೋಡಿ: ಅಡಿಯಲ್ಲಿ ಹಕ್ಕಳೆ, ಸುತ್ತ ಬಿಸಿ, ಮುಟ್ಟಿದರೆ ಮೆತ್ತಗೆ. ಬಾವನ್ನು ನೀವೇ ಹಿಂಡಬೇಡಿ. ಕೀವು ತೆಗೆದು ಆ್ಯಂಟಿಬಯಾಟಿಕ್ ಕೊಡುವುದು ವೈದ್ಯರ ಕೆಲಸ.

3. ಬರಿಗೈಯಲ್ಲಿ ಹಿಡಿಯಬೇಡಿ. ನೋವಿನಲ್ಲಿರುವ ಬೆಕ್ಕು ಅನ್ನ ಹಾಕಿದವರನ್ನೂ ಕಚ್ಚುತ್ತದೆ. ದಪ್ಪ ಟವೆಲ್ಲಿನಲ್ಲಿ ಸುತ್ತಿ, ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯಿರಿ. ಅದಕ್ಕೆ ಕಚ್ಚಿದ್ದು ನಾಯಿಯೋ ಬೆಕ್ಕೋ ಗೊತ್ತಿಲ್ಲವಲ್ಲ. ನಿಮಗೆ ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ವಿಚಾರಿಸಿ.

4. ತೊಳೆಯಲು ಉಪ್ಪುನೀರು ಸಾಕು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಮತಟ್ಟು ಟೀ ಚಮಚ ಉಪ್ಪು. ಡೆಟಾಲ್, ಫಿನಾಯಿಲ್ ಬೇಡ; ಬೆಕ್ಕು ಮೈ ನೆಕ್ಕುತ್ತದೆ, ಅದರ ಯಕೃತ್ತು ಆ ರಾಸಾಯನಿಕಗಳನ್ನು ಅರಗಿಸಲಾರದು. ಅರಿಶಿನ ಮೆತ್ತಿದರೆ ಗಾಯ ಮುಚ್ಚಿಹೋಗಿ ವೈದ್ಯರಿಗೂ ಕಾಣುವುದಿಲ್ಲ.

5. ನಮ್ಮ ಮಾತ್ರೆ ಅದಕ್ಕೆ ವಿಷ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಅರ್ಧ ಮಾತ್ರೆಯೂ ಜೀವ ತೆಗೆಯಬಹುದು. ರಕ್ತ ಆಮ್ಲಜನಕ ಒಯ್ಯಲಾರದೆ ಒಸಡು ಕಂದು ತಿರುಗುತ್ತದೆ.

6. ಮಳೆಗಾಲದಲ್ಲಿ ಹುಳ ಬೀಳುತ್ತದೆ. ರೋಮದ ಬುಡದಲ್ಲಿ ರವೆ ಅಂಟಿದಂತೆ ಕಾಣುವುದು ನೊಣದ ತತ್ತಿ. ಒಂದೇ ದಿನದಲ್ಲಿ ಮರಿಹುಳವಾಗಬಲ್ಲದು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಕರ್ಪೂರ ಬೆಕ್ಕಿಗೆ ಆಗುವುದಿಲ್ಲ. ಪರ್ಮೆಥ್ರಿನ್ ಇರುವ ನಾಯಿಯ ಔಷಧವೂ ಅಷ್ಟೇ ಅಪಾಯ.

7. ಊಟದ ಮೇಲೆ ಕಣ್ಣಿಡಿ. ಬೆಕ್ಕು ನೋವನ್ನು ಬಚ್ಚಿಡುತ್ತದೆ, ಹಸಿವು ಸತ್ತದ್ದನ್ನು ಬಚ್ಚಿಡಲಾರದು. ಒಂದು ದಿನ ತಿನ್ನದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ. ಕೆಲವು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ರೋಗ ಶುರುವಾಗಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೀನನ್ನು ಬೆಚ್ಚಗೆ ಕೊಟ್ಟರೆ ವಾಸನೆಗೆ ಬಾಯಿ ಹಾಕುವುದುಂಟು.

8. ಮಾಯುವವರೆಗೆ ಒಳಗಿರಲಿ. ಕೂಗಾಡುತ್ತದೆಂದು ಬಿಟ್ಟರೆ ಮತ್ತೆ ಅದೇ ಜಗಳ. ಬಚ್ಚಲುಮನೆ, ಒಂದು ಗೋಣಿಚೀಲ, ಮಣ್ಣು ತುಂಬಿದ ತಟ್ಟೆ ಇದ್ದರೆ ಸಾಕು. ಗಾಯ ನೆಕ್ಕುತ್ತಿದ್ದರೆ ಕುತ್ತಿಗೆಗೆ ಕೋನ್ ಹಾಕಿಸಿ. ಊತ ಇಳಿಯಿತೆಂದು ಔಷಧ ನಿಲ್ಲಿಸಬೇಡಿ.

ಯಾರು ಕಚ್ಚಿದರು, ಯಾರು ಹೊಡೆದರು ಎಂಬುದಕ್ಕೆ ಬಹುಪಾಲು ಉತ್ತರ ಸಿಗುವುದಿಲ್ಲ. ಆ ಪತ್ತೇದಾರಿಕೆಯಲ್ಲಿ ಚಿಕಿತ್ಸೆ ತಡಮಾಡಬೇಡಿ. ಗಾಯ ಮಾದ ಮೇಲೆ ರೇಬಿಸ್ ಲಸಿಕೆ ಹಾಕಿಸಿ; ಗಂಡು ಬೆಕ್ಕಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಅಲೆದಾಟವೂ ಜಗಳವೂ ಕಡಿಮೆಯಾಗುತ್ತವೆ.